ತಟ್ಟೆ ಹಿಡಿಯುವ ಮುನ್ನ ರೇಟು ಕೇಳಿ

ಮೊನ್ನೆ ನನ್ನ ತಂಗಿಯ ಮಗಳು ದಿಲ್ಲಿಗೆ ಹೋಗಿ ಬಂದಳು. ಓದಿದವಳು, ಆಫೀಸಿನಲ್ಲಿ ಹತ್ತು ಜನರ ಕೈಲಿ ಕೆಲಸ ತೆಗೆಯುವವಳು. ಎರಡು ರಾತ್ರಿ, ಒಂದು ಹಗಲು ರೈಲಿನಲ್ಲಿ ಕೂತು ಬಂದವಳನ್ನು "ಊಟಕ್ಕೆ ಏನು ಮಾಡಿದೆ?" ಅಂತ ಕೇಳಿದೆ. "ಪ್ಯಾಂಟ್ರಿಯವನು ತಂದುಕೊಟ್ಟ ದೊಡ್ಡಮ್ಮ, ತಿಂದೆ" ಅಂದಳು. ಎಷ್ಟು ಕೊಟ್ಟೆ? "ನೂರೈವತ್ತೋ ನೂರ ಎಂಬತ್ತೋ, ನೆನಪಿಲ್ಲ. ಫೋನಿನಲ್ಲೇ ಕಳಿಸಿದೆ." ಬಿಲ್ಲು? ಅವಳು ನನ್ನನ್ನೇ ಪೆದ್ದಿಯಂತೆ ನೋಡಿದಳು. "ರೈಲಲ್ಲಿ ಯಾರು ಬಿಲ್ಲು ಕೇಳ್ತಾರೆ ದೊಡ್ಡಮ್ಮ? ಒಂಥರಾ ಆಗುತ್ತೆ."

ಆ "ಒಂಥರಾ" ಇದೆಯಲ್ಲ, ನೀವು ತೆರುವ ಹೆಚ್ಚಿನ ದುಡ್ಡೆಲ್ಲ ಅದಕ್ಕೇ. ತರಕಾರಿಯವಳ ಹತ್ತಿರ ಎರಡು ಎಸಳು ಕರಿಬೇವಿಗೆ ಚೌಕಾಸಿ ಮಾಡುವ ನೀವು, ರೈಲು ಹತ್ತಿದ ಕೂಡಲೇ ಮಹಾರಾಜರಾಗಿಬಿಡುತ್ತೀರಿ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನೂ ಹಾಗೆಯೇ ಮೋಸ ಹೋದವಳು. ವರ್ಷಗಳ ಹಿಂದೆ ಉತ್ತರಕ್ಕೆ ಹೋಗುವ ಒಂದು ರೈಲಿನಲ್ಲಿ ಹುಡುಗ ತಟ್ಟೆ ಕೈಗಿಟ್ಟ, ನಾನು ಫಾಯಿಲ್ ಬಿಚ್ಚಿದೆ, ಎರಡು ತುತ್ತು ತಿಂದೆ. ಆಮೇಲೆ ಬಂದು ಅವನು ಹೇಳಿದ ಬೆಲೆಗೆ ನನ್ನ ಗಂಟಲಲ್ಲೇ ಚಪಾತಿ ನಿಂತಿತು. ಬಿಚ್ಚಿದ ತಟ್ಟೆಯನ್ನು ವಾಪಸ್ ಕೊಡುವುದು ಹೇಗೆ? ತೆಪ್ಪಗೆ ಕೊಟ್ಟೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ. ಆದರೆ ಅವತ್ತಿನಿಂದ ರೇಟು ಕೇಳದೆ ನಾನು ತಟ್ಟೆ ಮುಟ್ಟಿಲ್ಲ.

ಮೊದಲು ದರ ತಿಳಿದುಕೊಳ್ಳಿ. ಮಾಮೂಲಿ ಮೇಲ್, ಎಕ್ಸ್‌ಪ್ರೆಸ್ ರೈಲುಗಳಲ್ಲಿ ಪ್ಯಾಂಟ್ರಿಯವರು ಮನಸ್ಸಿಗೆ ಬಂದಂತೆ ಬೆಲೆ ಹಾಕುವಂತಿಲ್ಲ. ಮುಖ್ಯವಾದ ಊಟ ತಿಂಡಿಗಳಿಗೆ ರೈಲ್ವೆ ಮಂಡಳಿಯೇ ದರ ಕಟ್ಟಿದೆ. 2019ರ ಕೊನೆಯಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ಸ್ಟ್ಯಾಂಡರ್ಡ್ ವೆಜ್ ಊಟ ಸ್ಟೇಷನ್ನಿನಲ್ಲಿ 70 ರೂಪಾಯಿ, ರೈಲಿನಲ್ಲಿ 80 ರೂಪಾಯಿ. ಮೊಟ್ಟೆ ಸಾರಿನ ಊಟ ರೈಲಿನಲ್ಲಿ 90, ಕೋಳಿ ಸಾರಿನದು 130. ವೆಜ್ ಬಿರಿಯಾನಿ 80, ಮೊಟ್ಟೆಯದು 90, ಕೋಳಿಯದು 110. ಬೆಳಗಿನ ವೆಜ್ ತಿಂಡಿ 40. ಇದರಲ್ಲಿ ಜಿಎಸ್‌ಟಿಯೂ ಸೇರಿದೆ. "ಟ್ಯಾಕ್ಸ್ ಅಲಗ್ ಹೈ" ಅಂತ ಯಾರಾದರೂ ಅಂದರೆ ನಂಬಬೇಡಿ. ಪಟ್ಟಿ ಆಗಾಗ ಬದಲಾಗುತ್ತದೆ. ಹೊರಡುವ ಹಿಂದಿನ ದಿನ ಐಆರ್‌ಸಿಟಿಸಿಯ ತಾಣದಲ್ಲಿ ಒಮ್ಮೆ ನೋಡಿ, ಫೋನಿನಲ್ಲಿ ಒಂದು ಫೋಟೋ ಇಟ್ಟುಕೊಳ್ಳಿ. ರೈಲು ಹತ್ತಿದ ಮೇಲೆ ನೆಟ್‌ವರ್ಕ್ ಸಿಕ್ಕಿದಾಗ ನೋಡೋಣ ಅನ್ನಬೇಡಿ. ವಾಡಿ ದಾಟಿದ ಮೇಲೆ ಬಯಲಿನಲ್ಲಿ ನಿಮ್ಮ ಫೋನು ಬರೀ ಗಡಿಯಾರ.

ಆ ಎಂಬತ್ತು ರೂಪಾಯಿಗೆ ಏನು ಬರಬೇಕು ಅನ್ನುವುದೂ ಬರಹದಲ್ಲಿದೆ. ಅನ್ನ 150 ಗ್ರಾಂ, ಗಟ್ಟಿ ಬೇಳೆ ಅಥವಾ ಸಾಂಬಾರು 150 ಗ್ರಾಂ, ಮೊಸರು 80 ಗ್ರಾಂ, ಎರಡು ಪರೋಟ ಅಥವಾ ನಾಲ್ಕು ಚಪಾತಿ, 100 ಗ್ರಾಂ ಪಲ್ಯ, ಉಪ್ಪಿನಕಾಯಿಯ ಒಂದು ಪೊಟ್ಟಣ. ತಕ್ಕಡಿ ಕಟ್ಟಿಕೊಂಡು ಹೋಗಿ ಎನ್ನುತ್ತಿಲ್ಲ. ಆದರೆ ಚಪಾತಿ ಎಣಿಸಲು ತಕ್ಕಡಿ ಬೇಡವಲ್ಲ? ಮೊಸರು ಇದೆಯೋ ಇಲ್ಲವೋ ನೋಡಲು ಕಣ್ಣಿದ್ದರೆ ಸಾಕು. ಎಷ್ಟೋ ಜನ ಮೊಸರಿನ ಕಪ್ಪೇ ಬಂದಿಲ್ಲ ಅನ್ನುವುದನ್ನು ಕೈ ತೊಳೆದು ಬಂದ ಮೇಲೆ ಗಮನಿಸುತ್ತಾರೆ. ನಿಮ್ಮ ಅನುಮಾನವೇನೂ ಸುಳ್ಳಲ್ಲ. 2017ರಲ್ಲಿ ಮಹಾಲೇಖಪಾಲರ ತಂಡದವರು 74 ಸ್ಟೇಷನ್, 80 ರೈಲುಗಳಲ್ಲಿ ತಪಾಸಣೆ ಮಾಡಿ ಸಂಸತ್ತಿಗೆ ವರದಿ ಕೊಟ್ಟಿದ್ದರು. ತೂಕ ಕಡಿಮೆ, ಬೆಲೆ ಹೆಚ್ಚು, ಬಿಲ್ಲಿಲ್ಲ, ಚಹಾ ಶರಬತ್ತಿಗೆ ನೇರ ನಲ್ಲಿಯ ನೀರು, ಎಲ್ಲವೂ ಅದರಲ್ಲಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ದರ ಕಟ್ಟಿದವರು ದಿಲ್ಲಿಯಲ್ಲಿದ್ದಾರೆ, ತಟ್ಟೆ ಹಿಡಿದು ಬರುವವನು ನಿಮ್ಮ ಬೋಗಿಯಲ್ಲಿದ್ದಾನೆ.

ಇನ್ನು ಪ್ಯಾಂಟ್ರಿಯವರು ಮಾಡುವ ಚಮತ್ಕಾರ ಕೇಳಿ. ಸಂಜೆ ಏಳರ ಹೊತ್ತಿಗೆ ಕೈಯಲ್ಲಿ ಚೀಟಿ ಹಿಡಿದು ಬರುವ ಹುಡುಗ "ವೆಜ್? ನಾನ್‌ವೆಜ್?" ಅಂತ ಮಾತ್ರ ಕೇಳುತ್ತಾನೆ. ಬೆಲೆಯ ಮಾತು ಎತ್ತುವುದೇ ಇಲ್ಲ. ಎಂಬತ್ತರ ಊಟಕ್ಕೆ ಎರಡು ತುಂಡು ಪನೀರ್ ಹಾಕಿ, ಬದಿಗೊಂದು ಗುಲಾಬ್ ಜಾಮೂನು ಇಟ್ಟರೆ ಅದರ ಹೆಸರು "ಸ್ಪೆಷಲ್ ಥಾಲಿ". ಸ್ಟ್ಯಾಂಡರ್ಡ್ ಊಟಕ್ಕೆ ಕಟ್ಟುದರ ಉಂಟು, ಪಟ್ಟಿಯ ಹೊರಗಿನ ಬಿಡಿ ತಿನಿಸುಗಳಿಗೆ ಬೇರೆ ದರ. ಅದಕ್ಕೇ ಅವರಿಗೆ ಪನೀರಿನ ಮೇಲೆ ಅಷ್ಟು ಪ್ರೀತಿ. ಸ್ಪೆಷಲ್ ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ, ಪನೀರ್ ಬೇಕೆನಿಸಿದರೆ ತಿನ್ನಿ, ನಿಮ್ಮ ದುಡ್ಡು. ಆದರೆ ಗೊತ್ತಿದ್ದು ತಿನ್ನಿ.

ಆದ್ದರಿಂದ ಅವನು "ವೆಜ್?" ಅಂದಾಗ ಬರೀ ತಲೆ ಆಡಿಸಬೇಡಿ. "ಸ್ಟ್ಯಾಂಡರ್ಡ್ ಮೀಲ್, ಎಂಬತ್ತು ರೂಪಾಯಿದು" ಅಂತ ಬಾಯಿಬಿಟ್ಟು ಹೇಳಿ. "ಅದು ಖಾಲಿ" ಅಂದರೆ "ಹಾಗಾದರೆ ನಿಮ್ಮ ಹತ್ತಿರ ಇರುವುದು ಎಷ್ಟು? ರೇಟ್ ಕಾರ್ಡ್ ತೋರಿಸಿ" ಅನ್ನಿ. ದರಪಟ್ಟಿಯನ್ನು ಮಾಣಿಗಳ ಕೈಯಲ್ಲಿಡಬೇಕು, ಪ್ಯಾಂಟ್ರಿ ಬೋಗಿಯಲ್ಲಿ ತೂಗುಹಾಕಬೇಕು ಅನ್ನುವುದು ರೈಲ್ವೆಯ ನಿಯಮ. ಹಿಂದಿ ಬಾರದೆಂದು ಹಿಂಜರಿಯಬೇಡಿ. "ರೇಟ್ ಕಾರ್ಡ್ ದಿಖಾಯಿಯೇ, ಬಿಲ್ ದೀಜಿಯೇ", ಇಷ್ಟು ಬಂದರೆ ಬೆಂಗಳೂರಿನಿಂದ ದಿಲ್ಲಿಯವರೆಗೆ ಸಾಕು. ರೇಟ್ ಕಾರ್ಡ್ ಅನ್ನುವ ಮಾತು ಕಿವಿಗೆ ಬಿದ್ದರೆ ಖಾಲಿಯಾದ ಊಟ ಎಷ್ಟೋ ಸಲ ಹತ್ತು ನಿಮಿಷದಲ್ಲಿ ಮತ್ತೆ ಬೆಂದು ಬರುತ್ತದೆ. ನಾನೇ ಕಣ್ಣಾರೆ ಕಂಡ ಪವಾಡ.

ನೀರಿನದು ಇನ್ನೊಂದು ಕತೆ. ರೈಲ್ ನೀರ್ ಒಂದು ಲೀಟರಿಗೆ ಬಹಳ ಕಾಲ 15 ರೂಪಾಯಿ ಇತ್ತು. ಜಿಎಸ್‌ಟಿ ಇಳಿದ ಮೇಲೆ 2025ರ ಸೆಪ್ಟೆಂಬರ್ 22ರಿಂದ ಅದು 14 ರೂಪಾಯಿ, ಅರ್ಧ ಲೀಟರು 9 ರೂಪಾಯಿ. ರೈಲ್ವೆ ಒಪ್ಪಿದ ಬೇರೆ ಕಂಪನಿಗಳ ಬಾಟಲಿಗೂ ಅದೇ ದರ. ಆದರೂ ಇಪ್ಪತ್ತು ಕೇಳುತ್ತಾರೆ, ನೀವು ಕೊಡುತ್ತೀರಿ. "ಥಂಡಾ ಹೈ" ಅನ್ನುತ್ತಾರೆ. ತಣ್ಣಗೆ ಮಾಡಿದ್ದಕ್ಕೆ ಬೇರೆ ದರವಿಲ್ಲ, ಬಾಟಲಿಯ ಮೇಲೆ ಅಚ್ಚಾದ ಬೆಲೆಗಿಂತ ಒಂದು ಪೈಸೆ ಹೆಚ್ಚು ಕೇಳುವಂತಿಲ್ಲ. ಆರು ರೂಪಾಯಿ ಯಾವ ಲೆಕ್ಕ ಅನ್ನಬೇಡಿ. ಮೇ ತಿಂಗಳಲ್ಲಿ ನಾಲ್ವರ ಸಂಸಾರ ದಿಲ್ಲಿ ಮುಟ್ಟುವುದರೊಳಗೆ ಹನ್ನೆರಡು ಬಾಟಲಿ ಲೀಲಾಜಾಲವಾಗಿ ಕುಡಿಯುತ್ತದೆ. ಹನ್ನೆರಡು ಆರಲೆ ಎಪ್ಪತ್ತೆರಡು. ಅದು ಹೆಚ್ಚು ಕಡಿಮೆ ಒಬ್ಬರ ಊಟದ ದುಡ್ಡು. ಹನಿ ಹನಿಗೂಡಿದರೆ ಹಳ್ಳ ಅನ್ನುವುದು ನಿಮ್ಮ ಜೇಬಿನಿಂದ ಹರಿದು ಹೋಗುವುದಕ್ಕೂ ಸಲ್ಲುತ್ತದೆ. ಮುಚ್ಚಳದ ಸೀಲು ಕಟ್ಟೆಂದು ಮುರಿದರೆ ಮಾತ್ರ ಕುಡಿಯಿರಿ. ಕುಡಿದಾದ ಮೇಲೆ ಬಾಟಲಿಯನ್ನು ಹಿಸುಕಿ ಕಸದ ಬುಟ್ಟಿಗೆ ಹಾಕಿ. ಸೀಟಿನ ಕೆಳಗೆ ಉರುಳಿಬಿಟ್ಟರೆ ಅದು ಮತ್ತೆ ತುಂಬಿಕೊಂಡು ಯಾರದೋ ಮಗುವಿನ ಬಾಯಿಗೆ ಹೋಗುತ್ತದೆ.

ಚಹಾದ್ದೂ ಪಟ್ಟಿಯಿದೆ. 150 ಮಿಲಿ ಲೀಟರಿನ ಸಾದಾ ಚಹಾ 5 ರೂಪಾಯಿ, ಅದ್ದುವ ಪೊಟ್ಟಣದ ಚಹಾ ಮತ್ತು ಕಾಫಿ 10 ರೂಪಾಯಿ. ಐದು ರೂಪಾಯಿ ಚಹಾ ರೈಲಿನಲ್ಲಿ ನನಗಂತೂ ಕಾಣಸಿಕ್ಕಿಲ್ಲ. ಇಲ್ಲಿ ಮಾತ್ರ ನಾನು ಸ್ವಲ್ಪ ಸಡಿಲ. ಚಳಿಗಾಲದ ಮುಂಜಾನೆ ಗ್ವಾಲಿಯರ್ ಹತ್ತಿರ ಮಂಜಿನಲ್ಲಿ ರೈಲು ನಿಂತುಬಿಟ್ಟಾಗ ಬಿಸಿ ಕೆಟಲು ಹೊತ್ತು ಬಂದ ಹುಡುಗನ ಜೊತೆ ಐದು ರೂಪಾಯಿಗೆ ಕಾದಾಡುವುದು ನನ್ನಿಂದ ಆಗುವುದಿಲ್ಲ. ನೀವೂ ಕಾದಾಡಬೇಡಿ. ಊಟ ಮತ್ತು ನೀರಿನ ಬಗ್ಗೆ ಬಿಗಿಯಾಗಿರಿ, ಸಾಕು.

ಬಿಲ್ಲಿನ ಮಾತಿಗೆ ಬರೋಣ. ಬಿಲ್ಲು ಕೊಡದಿದ್ದರೆ ಊಟ ಉಚಿತ, ದುಡ್ಡು ಕೊಡಬೇಡಿ ಅಂತ ರೈಲ್ವೆಯೇ ಹೇಳಿ, ಬೋಗಿಗಳಲ್ಲಿ ಚೀಟಿಯನ್ನೂ ಅಂಟಿಸಿದೆ. ಬಿಲ್ಲು ಮುದ್ರಿಸುವ ಕೈಯಂತ್ರಗಳನ್ನೂ ಪ್ಯಾಂಟ್ರಿಯವರಿಗೆ ಕೊಟ್ಟಿದ್ದಾರೆ. ಆ ಯಂತ್ರ ಯಾವಾಗಲೂ "ಚಾರ್ಜಿಗೆ ಇಟ್ಟಿರುತ್ತದೆ". ಇರಲಿ, ಕೈಬರಹದ ಬಿಲ್ಲಾದರೂ ಕೊಡಿ ಅನ್ನಿ. ಮತ್ತೆ ಈಗಿನ ಹುಡುಗರಿಗೆ ಒಂದು ಮಾತು. ಫೋನಿನಲ್ಲಿ ಹಣ ಕಳಿಸಿದ ಚಿತ್ರ ಬಿಲ್ಲಲ್ಲ. ಅದರಲ್ಲಿ ಹಣ ಯಾರಿಗೋ ಹೋಯಿತು ಅಂತಿರುತ್ತದೆಯೇ ಹೊರತು ಯಾವ ಊಟಕ್ಕೆ, ಯಾವ ದರಕ್ಕೆ ಅಂತ ಇರುವುದಿಲ್ಲ. ಎಷ್ಟೋ ಸಲ ಅದು ಮಾಣಿಯ ಸ್ವಂತ ನಂಬರು. ಬಿಲ್ಲು ಕೈಗೆ ಬಂದ ಮೇಲೆ ಹಣ ಕಳಿಸಿ. ಜೊತೆಗೆ ಹತ್ತು, ಇಪ್ಪತ್ತರ ನೋಟುಗಳ ಒಂದು ಸಣ್ಣ ಕಟ್ಟು ಬೇರೆ ಚೀಲದಲ್ಲಿರಲಿ. ಐನೂರರ ನೋಟು ಕೊಟ್ಟರೆ "ಚಿಲ್ಲರೆ ಆಮೇಲೆ ತರ್ತೀನಿ" ಅಂದ ಹುಡುಗ ಮುಂದಿನ ಜನ್ಮದಲ್ಲಿ ತರುತ್ತಾನೆ.

ಊಟದ ಪೊಟ್ಟಣದ ಮೇಲೆ ಈಗ ಕ್ಯೂಆರ್ ಕೋಡ್ ಇರುತ್ತದೆ, ಯಾವ ಅಡುಗೆಮನೆಯಲ್ಲಿ ಯಾವತ್ತು ಕಟ್ಟಿದ್ದು ಅನ್ನುವುದನ್ನು ಅದು ತೋರಿಸುತ್ತದೆ. ದಿನಕ್ಕೆ ನೂರು ಸಲ ಫೋನು ತಿರುವುತ್ತೀರಿ, ತುತ್ತು ಬಾಯಿಗಿಡುವ ಮೊದಲು ಅದನ್ನೂ ಒಮ್ಮೆ ನೋಡಿ. ಕೋಡ್ ಇಲ್ಲದಿದ್ದರೆ ಮೂಗಿದೆ. ಹಳಸಿದ ಬೇಳೆಯ ವಾಸನೆ ಹಿಡಿಯಲು ಯಾವ ನೆಟ್‌ವರ್ಕೂ ಬೇಡ.

ಇಷ್ಟೆಲ್ಲ ಕೇಳಿ ನೀವು ಮುಂದಿನ ಸಲ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತರೆ ಅದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ರೈಲಿನ ಊಟಕ್ಕಂತೂ ಈ ಗಾದೆಯ ಎರಡು ಕಾಲೂ ಬೇಕು. ತಟ್ಟೆ ತರುವ ಹುಡುಗ ಬಿಹಾರದವನೋ ಬುಂದೇಲಖಂಡದವನೋ ಇರುತ್ತಾನೆ, ಮಾರಿದಷ್ಟಕ್ಕೆ ಕಮಿಷನ್ನು, ರಾತ್ರಿ ಮಲಗುವುದು ಪ್ಯಾಂಟ್ರಿಯ ನೆಲದಲ್ಲಿ. ಇಷ್ಟು ತರಲೇಬೇಕು ಅಂತ ಮೇಲಿನವನು ಒತ್ತುತ್ತಾನೆ. ಅವನನ್ನು "ಕಳ್ಳ" ಅಂತ ಕೂಗುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ನಗುತ್ತಲೇ ಗಟ್ಟಿಯಾಗಿ ಹೇಳಿ: "ನೋಡಪ್ಪ, ಪಟ್ಟಿಯಲ್ಲಿ ಎಂಬತ್ತು ಇದೆ, ಎಂಬತ್ತೇ ಕೊಡುತ್ತೇನೆ." ನೂರಕ್ಕೆ ತೊಂಬತ್ತು ಸಲ ಅಲ್ಲಿಗೆ ಮುಗಿಯುತ್ತದೆ.

ಮುಗಿಯದಿದ್ದರೆ ದನಿ ಏರಿಸಬೇಡಿ, ಫೋನು ಎತ್ತಿಕೊಳ್ಳಿ. 139ಕ್ಕೆ ಕರೆ ಮಾಡಿ, ಇಲ್ಲವೇ ರೈಲ್‌ಮದದ್‌ನಲ್ಲಿ ದೂರು ಬರೆಯಿರಿ. ಪಿಎನ್‌ಆರ್, ಬೋಗಿ, ಬರ್ತು, ಏನು ತಂದರು, ಎಷ್ಟು ಕೇಳಿದರು, ಇಷ್ಟಿದ್ದರೆ ಸಾಕು. ಪುರಾಣ ಬೇಡ. ದೂರು ಕೊಟ್ಟ ಮೇಲೆ ಪ್ಯಾಂಟ್ರಿ ಮ್ಯಾನೇಜರು ಬಂದು "ದೂರು ವಾಪಸ್ ತಗೊಳ್ಳಿ ಮೇಡಂ" ಅಂತ ಬೆಣ್ಣೆ ಹಚ್ಚುವುದು ರೂಢಿ. ಒಬ್ಬರೇ ಇದ್ದರೆ ಪಕ್ಕದ ಬರ್ತಿನವರನ್ನು ಮಾತಿಗೆಳೆದು ಕೂರಿಸಿಕೊಳ್ಳಿ, ಟಿಟಿಇಗೆ ತಿಳಿಸಿ. ಹೆದರಿಸಲು ಹೇಳುತ್ತಿಲ್ಲ, ಆದರೆ 2025ರ ಮೇ ತಿಂಗಳಲ್ಲಿ ಉತ್ತರದ ರೈಲೊಂದರಲ್ಲಿ ಹೆಚ್ಚು ಹಣ ಕೇಳಿದರೆಂದು ದೂರು ಕೊಟ್ಟ ಪ್ರಯಾಣಿಕರ ಮೇಲೆ ಪ್ಯಾಂಟ್ರಿಯವರೇ ಕೈ ಮಾಡಿದ ವಿಡಿಯೋ ದೇಶವೆಲ್ಲ ನೋಡಿತು. ಗುತ್ತಿಗೆದಾರನಿಗೆ 5 ಲಕ್ಷ ರೂಪಾಯಿ ದಂಡ ಬಿತ್ತು. ದಂಡ ಬಿದ್ದದ್ದು ಸರಿ, ಪೆಟ್ಟು ತಿಂದವರಿಗೆ ಅದರಿಂದೇನು? ಮಾತು ಒರಟಾಗುತ್ತಿದೆ ಅನ್ನಿಸಿದರೆ ಅದೇ 139ರಲ್ಲಿ ರೈಲ್ವೆ ಪೊಲೀಸರನ್ನು ಕರೆಸಿ. ಇಪ್ಪತ್ತು ರೂಪಾಯಿಗೆ ಪ್ರಾಣ ಪಣಕ್ಕಿಡಬೇಡಿ.

ರಾಜಧಾನಿ, ಶತಾಬ್ದಿ, ವಂದೇ ಭಾರತ್ ರೈಲುಗಳ ಲೆಕ್ಕ ಬೇರೆ. ಅಲ್ಲಿ ಊಟದ ಹಣ ಟಿಕೆಟ್ಟಿನ ಜೊತೆಗೇ ಸೇರಿರುತ್ತದೆ, ಬೇಡವಾದರೆ ಬುಕ್ ಮಾಡುವಾಗಲೇ ಬೇಡ ಅನ್ನಬಹುದು. ನಮ್ಮ ಜಾಣರು ಇಲ್ಲೇ ಎಡವುವುದು. "ಊಟ ಬೇಡ" ಎಂದು ಒತ್ತಿ ನಾಲ್ಕು ಕಾಸು ಉಳಿಸಿದೆವೆಂದು ಬೀಗುತ್ತಾರೆ, ಕಾಜಿಪೇಟೆ ದಾಟಿದ ಮೇಲೆ ಪಕ್ಕದವರ ತಟ್ಟೆಯ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತದೆ. ಮುಂಚೆ ಕೇಳದವರಿಗೆ ರೈಲಿನಲ್ಲೇ ಊಟ ಕೊಡಬೇಕೆಂದರೆ 50 ರೂಪಾಯಿ ಹೆಚ್ಚು. 2022ರ ಜುಲೈ ಸುತ್ತೋಲೆಯಂತೆ ರಾಜಧಾನಿ, ಶತಾಬ್ದಿಗಳ 2ಎ, 3ಎ, ಚೇರ್ ಕಾರ್ ಬೋಗಿಗಳಲ್ಲಿ 185 ರೂಪಾಯಿಯ ಊಟ ಅವರಿಗೆ 235, 105ರ ತಿಂಡಿ 155. ಇದು ಮೋಸವಲ್ಲ, ನಿಯಮ, ಆದ್ದರಿಂದ ಮಾಣಿಯನ್ನು ಬೈದು ಉಪಯೋಗವಿಲ್ಲ. ಚಹಾ, ಕಾಫಿಗೆ ಮಾತ್ರ ಆ ಐವತ್ತು ಇಲ್ಲ. ಅದಕ್ಕೂ ಒಂದು ಕತೆಯಿದೆ. ಆ ವರ್ಷ ಶತಾಬ್ದಿಯೊಂದರಲ್ಲಿ ಇಪ್ಪತ್ತು ರೂಪಾಯಿಯ ಚಹಾಕ್ಕೆ ಐವತ್ತು ರೂಪಾಯಿ ಸೇವಾಶುಲ್ಕ ಹಾಕಿ ಎಪ್ಪತ್ತು ಮಾಡಿದ ಬಿಲ್ಲನ್ನು ಪ್ರಯಾಣಿಕರೊಬ್ಬರು ಎಲ್ಲರಿಗೂ ತೋರಿಸಿದರು. ಗಲಾಟೆಯಾಯಿತು, ಮುಂದಿನ ತಿಂಗಳೇ ನಿಯಮ ಬದಲಾಯಿತು. ನೋಡಿದಿರಾ, ಅವರ ಕೈಯಲ್ಲಿ ಇದ್ದದ್ದು ಒಂದು ತುಂಡು ಬಿಲ್ಲು.

ಸಕ್ಕರೆ ಕಾಯಿಲೆಯವರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು ಬುಕ್ ಮಾಡುವಾಗಲೇ ಆಯ್ಕೆ ನೋಡಿಕೊಳ್ಳಿ. ಮಧುಮೇಹದವರಿಗೆ ಬೇರೆ ಊಟ, ಕೂಸುಗಳಿಗೆ ಬೇರೆ ಆಹಾರ ಕೊಡಲು 2022ರ ನವೆಂಬರಿನಲ್ಲೇ ಅನುಮತಿಯಾಗಿದೆ. ಆದರೂ ಮಾತ್ರೆ ನುಂಗುವವರು ಅದನ್ನೇ ನಂಬಿ ಕೂರಬೇಡಿ. ರೈಲು ನಾಲ್ಕು ತಾಸು ತಡವಾದರೆ ನಿಮ್ಮ ಸಕ್ಕರೆ ಕಾಯುವುದಿಲ್ಲ. ಚೀಲದಲ್ಲಿ ಎರಡು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ ಇರಲೇಬೇಕು.

ಪ್ಯಾಂಟ್ರಿ ಬೇಡ, ಹೋಟೆಲಿನ ಊಟವೇ ಬೇಕು ಅನ್ನುವವರಿಗೆ ಇ-ಕೇಟರಿಂಗ್ ಇದೆ. ಪಿಎನ್‌ಆರ್ ಹಾಕಿ ಮುಂದಿನ ದೊಡ್ಡ ಸ್ಟೇಷನ್ ಆರಿಸಿದರೆ ಬರ್ತಿಗೇ ತಂದುಕೊಡುತ್ತಾರೆ. ಸೊಲ್ಲಾಪುರ, ಭೂಸಾವಲ್, ಭೋಪಾಲದಂಥ ಊರು ಆರಿಸಿ. ರೈಲು ಎರಡೇ ನಿಮಿಷ ನಿಲ್ಲುವ ಕಡೆ ಹೇಳಿದರೆ ಊಟ ಪ್ಲಾಟ್‌ಫಾರ್ಮಿನಲ್ಲಿ ಓಡುವುದನ್ನು ನೀವು ಕಿಟಕಿಯಿಂದ ನೋಡಬೇಕಾಗುತ್ತದೆ. ಮೊದಲು ಕಾಣುವ ಬೆಲೆ ನೋಡಿ ಮರುಳಾಗಬೇಡಿ. ತೆರಿಗೆ, ತಲುಪಿಸುವ ಶುಲ್ಕ ಸೇರಿ ಕೊನೆಗೆ ಎಷ್ಟಾಯಿತು ನೋಡಿ ಒತ್ತಿ. ಹುಡುಕಿದಾಗ ಮೊದಲು ಬರುವ ಯಾವುದೋ ತಾಣಕ್ಕೆ ದುಡ್ಡು ಕಟ್ಟಬೇಡಿ, ಐಆರ್‌ಸಿಟಿಸಿಯ "ಫುಡ್ ಆನ್ ಟ್ರ್ಯಾಕ್" ಅಥವಾ 1323 ಬಳಸಿ. ಸ್ಲೀಪರಿನಲ್ಲೋ ಜನರಲ್ಲಿನಲ್ಲೋ ಕೈಬಿಗಿ ಹಿಡಿದು ಹೋಗುವವರಿಗೆ ಸ್ಟೇಷನ್ನುಗಳಲ್ಲಿ ಜನರಲ್ ಬೋಗಿ ನಿಲ್ಲುವ ಕಡೆಯೇ 20 ರೂಪಾಯಿಯ ಪೂರಿ, ಆಲೂಗಡ್ಡೆ ಪಲ್ಯ, ಉಪ್ಪಿನಕಾಯಿಯ ಪೊಟ್ಟಣ ಮಾರುತ್ತಾರೆ. ಏಳು ಪೂರಿ. ಹೊಟ್ಟೆಗೆ ಮೋಸವಿಲ್ಲ.

ನನ್ನನ್ನು ಕೇಳಿದರೆ ಇದೆಲ್ಲದಕ್ಕಿಂತ ಬುತ್ತಿಯೇ ಮೇಲು. ನಗಬೇಡಿ, ಬುತ್ತಿ ಕಟ್ಟುವುದಕ್ಕೂ ಕ್ರಮವಿದೆ. ಮೊದಲ ರಾತ್ರಿಗೆ ಚಪಾತಿ ಪಲ್ಯ, ಬೇಗ ಕೆಡುವುದನ್ನು ಮೊದಲು ತಿಂದು ಮುಗಿಸಬೇಕು. ಮರುದಿನ ಬೆಳಗ್ಗೆಗೆ ಮೊಸರನ್ನ, ಆದರೆ ಮೊಸರು ಸುರಿದು ಕಲಸಿ ಒಯ್ದರೆ ಯಾದಗಿರಿ ಮುಟ್ಟುವುದರಲ್ಲಿ ಹುಳಿ. ಅನ್ನವನ್ನು ಕಾಯಿಸಿ ಆರಿಸಿದ ಹಾಲಿನಲ್ಲಿ ಮೆತ್ತಗೆ ಕಿವುಚಿ, ಒಂದೇ ಚಮಚ ಮೊಸರು ಹಾಕಿ ಮುಚ್ಚಿ. ರೈಲಿನಲ್ಲೇ ಹೆಪ್ಪಾಗುತ್ತದೆ. ಬೇಸಿಗೆಯಲ್ಲಿ ಅದನ್ನೂ ಬೆಳಗಿನ ಒಂಬತ್ತು ಗಂಟೆಯೊಳಗೆ ಮುಗಿಸಿಬಿಡಿ. ಮಧ್ಯಾಹ್ನಕ್ಕೆ ಪುಳಿಯೋಗರೆ. ಎಣ್ಣೆ ಒಂದು ಸುತ್ತು ಜಾಸ್ತಿ, ಹುಣಿಸೆ ಮುಂದು, ಕಾಯಿತುರಿ ಬೇಡವೇ ಬೇಡ. ಆಮೇಲಿನದಕ್ಕೆಲ್ಲ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದೆ, ಅವು ದಿಲ್ಲಿಗೇನು, ಕಾಶ್ಮೀರಕ್ಕೂ ಬರುತ್ತವೆ. ಬಿಸಿ ಅನ್ನವನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯಬೇಡಿ. ಬೆವೆತು ಕೆಡುವುದು ಅಲ್ಲಿಂದಲೇ.

ಕೆಲವರು ಚಾರ್ಜಿಂಗ್ ಪ್ಲಗ್ಗಿಗೆ ಎಲೆಕ್ಟ್ರಿಕ್ ಕೆಟಲು ಸಿಕ್ಕಿಸಿ ಮ್ಯಾಗಿ ಬೇಯಿಸುತ್ತಾರೆ. ಆ ಬುದ್ಧಿ ನಿಮಗೆ ಬೇಡ. ಅದು ಫೋನಿಗಾಗಿ ಇಟ್ಟದ್ದು, ಕೆಟಲು ಹಾಕಿದರೆ ಬೆಂಕಿಯ ಭಯ, ಸಿಕ್ಕಿಬಿದ್ದರೆ ಕೇಸು.

ಇನ್ನೊಂದು ಮಾತು ಮರೆತಿದ್ದೆ. ಒಂದು ಚಮಚ, ಒಂದು ಚಿಕ್ಕ ಚಾಕು, ನಾಲ್ಕು ಹಳೇ ಪೇಪರು, ಒಂದು ಖಾಲಿ ಕವರು ಕೈಚೀಲದ ಮೇಲುಗಡೆಯೇ ಇರಲಿ, ಸೂಟ್‌ಕೇಸಿನ ತಳದಲ್ಲಲ್ಲ. ಮತ್ತೆ ಯಲಹಂಕ ದಾಟುವುದರೊಳಗೆ ಡಬ್ಬಿ ಬಿಚ್ಚುವವರಿದ್ದಾರೆ, ಹಿಂದೂಪುರದಲ್ಲಿ ಚಟ್ನಿಪುಡಿ ಖಾಲಿ ಮಾಡಿ ಗುಂತಕಲ್ಲಿನಲ್ಲಿ ಪ್ಯಾಂಟ್ರಿಯವನ ದಾರಿ ನೋಡುತ್ತಾರೆ. ನೀವು ಒಂದು ಡಬ್ಬಿಯನ್ನಾದರೂ ಮೇಲಿನ ಬರ್ತಿನಲ್ಲಿ, ಮಕ್ಕಳ ಕೈಗೆ ಎಟುಕದ ಹಾಗೆ ಇಡಿ.